ಪರದೆಯ ಮೇಲಿನ ಐದು ದೀಪ

ಪೇಸುವಾ ಬಂದರು,
ಕಡಲ ದೇವಿ ಮಾಝು ತಾಯಿಯ ಗುಡಿಯ ಹಿಂದಿನ ಕೋಣೆ,
ನವೆಂಬರ್ ೧೫, ಶುಕ್ರವಾರ ಸಂಜೆ

ಎಲೈ ಸಭಿಕರೇ! ತಾವ್ಯುಆನ್ ನಗರದ ಕಾರ್ಖಾನೆಯ ವಸತಿಗೃಹದಲ್ಲಿ, ನಾಲ್ಕನೆಯ ಮಹಡಿಯಲ್ಲಿ, ನನ್ನ ಮಗಳೊಂದಿಗೆ ಒಂದೇ ಕೋಣೆಯ ಗಾಳಿ ಉಸಿರಾಡುತ್ತಿರುವ ಮೂವರು ಹೆಣ್ಣುಮಕ್ಕಳೇ! ಬಟ್ಟೆ ಒಣಹಾಕುವವಳು ಅಷ್ಟಕ್ಕೇ ಬಿಡು. ಉಗುರಿಗೆ ಬಣ್ಣ ಹಚ್ಚುವವಳು ಸೀಸೆಯ ಮುಚ್ಚಳ ಹಾಕು. ಬಾಗಿಲು ಮುಚ್ಚಿ, ಹತ್ತಿರ ಬನ್ನಿ, ಕೂತುಕೊಳ್ಳಿ. ನಾನು ಚುವಾ ಕಿಮ್-ಸೆಂಗ್, ನಿಮ್ಮ ಗೆಳತಿ ಪೆಕ್-ಹುನ್‌ಳ ಅಪ್ಪ. ಹೋದ ಚಳಿಗಾಲದಲ್ಲಿ ನಿಮ್ಮ ಗೇಟಿನ ಹೊರಗೆ ನಿಂತು ಒಂದೇ ಕೂಗಿಗೆ ಆರು ಮಹಡಿಯ ಕಿಟಕಿಗಳನ್ನೂ ತೆರೆಸಿದನಲ್ಲ, ಆ ಮುದುಕ ನಾನೇ.

ಹನ್ನೊಂದು ತಿಂಗಳಾಯಿತು, ಅವಳು ನನ್ನ ಫೋನು ಎತ್ತಿಲ್ಲ. ಕಾಗದ ಬರೆದರೆ ಒಡೆಯದೆ ಹಾಸಿಗೆಯ ಅಡಿಗೆ ತಳ್ಳುತ್ತಾಳೆಂದು ನನಗೆ ಗೊತ್ತು. ಅವಳ ಅಮ್ಮನೂ ಹಾಗೆಯೇ ಇದ್ದಳು. ಅದಕ್ಕೇ ಲಕೋಟೆಯ ಮೇಲೆ 'ಕೋಣೆಯವರೆಲ್ಲರಿಗೂ' ಎಂದು ಬರೆದಿದ್ದೇನೆ. ನಿಮ್ಮಲ್ಲಿ ಗಂಟಲು ಗಟ್ಟಿಯಿರುವವಳು ಎದ್ದು ನಿಂತು ಓದಲಿ. ಅವಳು ಕಿವಿ ಮುಚ್ಚಿಕೊಂಡರೆ ಇನ್ನೂ ಗಟ್ಟಿಯಾಗಿ ಓದಲಿ.

ಮಗಳೇ ಹುನ್, ಊಟವಾಯಿತೇ? ಕತ್ತಲೆ ಕೋಣೆಯ ಕೆಲಸ ಮುಗಿಸಿ ಬಂದವಳು ಕಣ್ಣಿಗೆ ತಣ್ಣೀರಿನ ಬಟ್ಟೆ ಇಟ್ಟುಕೊಂಡು ಮಲಗಿರುತ್ತೀ. ಮಲಗಿಯೇ ಕೇಳು.

ನಿನಗೆ ಗೊತ್ತಿರುವುದನ್ನೇ ಸಭೆಗಾಗಿ ಎರಡು ಮಾತಿನಲ್ಲಿ ಹೇಳುತ್ತೇನೆ. ನನ್ನ ಕಸುಬು ದೇವರಿಗೆ ಸಿನಿಮಾ ತೋರಿಸುವುದು. ಹರಕೆ ಹೊತ್ತವರು ಒಂದು ಕಾಲಕ್ಕೆ ಗುಡಿಯ ಮುಂದೆ ನಾಟಕ ಆಡಿಸುತ್ತಿದ್ದರು. ಆ ನಾಟಕಗಳಲ್ಲಿ ನಾನು ಏಳನೆಯ ವಯಸ್ಸಿನಿಂದ ಬಣ್ಣ ಹಚ್ಚಿದವನು, ಇಪ್ಪತ್ತು ವರ್ಷ ದಂಡನಾಯಕನಾಗಿ ಗುಡುಗಿದವನು. ಆಮೇಲೆ ಮಂಡಳಿ ಮುರಿಯಿತು, ಪರದೆ ಬಂತು. ಪರದೆ ತಾಯಿಗೆ ಎದುರಾಗಿ ಕಟ್ಟಬೇಕು, ನೋಡುವವಳು ಅವಳು. ಮನುಷ್ಯರು ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ. ಹತ್ತು ವರ್ಷದಿಂದ ಇಲ್ಲವೇ ಇಲ್ಲ. ಕೆಂಪು ಪ್ಲಾಸ್ಟಿಕ್ ಸ್ಟೂಲುಗಳ ಮೇಲೆ ಎರಡು ನಾಯಿ, ಒಬ್ಬ ಕುಡುಕ. ಆದರೂ ನಿಯಮ ನಿಯಮವೇ: ತಾಯಿಯ ಹೆಸರಿನಲ್ಲಿ ಶುರುವಾದ ಆಟ ನಡುವೆ ನಿಲ್ಲಬಾರದು. ಮಳೆ ಬರಲಿ, ಬಿರುಗಾಳಿ ಬರಲಿ, ತೋರಿಸುವವನ ಮನೆಯಲ್ಲಿ ಏನೇ ಆಗಲಿ.

ಹೋದ ಡಿಸೆಂಬರಿನಲ್ಲಿ ನಿನ್ನ ಅಮ್ಮ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿದಾಗ ನಾನು ಎರಡು ನಾಯಿಗಳ ಹಿಂದೆ ಕೂತು ಆಟ ನಡೆಸುತ್ತಿದ್ದೆ. "ಫೋನಿನ ಸದ್ದು ಕೇಳಿಸಲಿಲ್ಲ" ಎಂದೆ. ನೀನು ನಂಬಲಿಲ್ಲ. ಮಸಣದಿಂದ ನೇರವಾಗಿ ರೈಲು ಹತ್ತಿದೆ. ಇರಲಿ. ಇವತ್ತಿನ ಕಥೆ ಅದಲ್ಲ.

ಇವತ್ತಿನ ಕಥೆಯ ನಾಯಕ ನೀನು ತಂದುಕೊಟ್ಟ ಯಂತ್ರ. ನನ್ನ ಹಳೆಯ ರೀಲಿನ ಯಂತ್ರ ಪ್ರಾಣ ಬಿಟ್ಟಾಗ ನೀನು ಇದನ್ನು ನಿನ್ನ ಕಾರ್ಖಾನೆಯಿಂದ ಮಡಿಲಲ್ಲಿ ಮಗುವಿನಂತೆ ಹೊತ್ತು ರೈಲಿನಲ್ಲಿ ಬಂದಿದ್ದೆ. ಗುಡಿಯ ಕಲ್ಲುಬೆಂಚಿನ ಮೇಲೆ ಕೂತು ನನಗೆ ಪಾಠ ಹೇಳಿದ್ದು ನೆನಪಿದೆಯೇ?

"ಅಪ್ಪಾ, ನಿನ್ನ ಹಳೇದ್ರಲ್ಲಿ ಬೆಳಕು ರೀಲಿನೊಳಗಿಂದ ತೂರಿ ಬರ್ತಿತ್ತು. ಇದ್ರಲ್ಲಿ ತೂರಲ್ಲ. ಕನ್ನಡಿಗೆ ಹೊಡ್ದು ಪುಟಿದು ಬರುತ್ತೆ."

"ಎಷ್ಟು ದೊಡ್ಡ ಕನ್ನಡಿ?"

"ಒಂದಲ್ಲ. ಎಂಟು ಲಕ್ಷ."

"ನಿನ್ನ ತಲೆ! ಎಂಟು ಲಕ್ಷ ಕನ್ನಡಿ ಇಡೋಕೆ ಅರಮನೆ ಬೇಕು."

"ನನ್ನ ಹೆಬ್ಬೆರಳಿನ ಉಗುರು ನೋಡು. ಅಷ್ಟೇ ಅರಮನೆ. ಒಂದೊಂದು ಕನ್ನಡಿ ನಿನ್ನ ತಲೆಕೂದಲಿನ ದಪ್ಪದಲ್ಲಿ ಐದನೇ ಒಂದು ಪಾಲು."

ಒಂದೊಂದು ಕನ್ನಡಿಗೂ ಒಂದೊಂದು ಕೀಲು, ಅಡಿಯಲ್ಲಿ ವಿದ್ಯುತ್ತಿನ ಸೆಳೆತ. ಈ ಕಡೆ ಹನ್ನೆರಡು ಡಿಗ್ರಿ ವಾಲಿದರೆ ದೀಪದ ಬೆಳಕು ಲೆನ್ಸಿಗೆ ಹೋಗುತ್ತದೆ, ಪರದೆಯ ಮೇಲೊಂದು ಬಿಳಿ ಚುಕ್ಕೆ. ಆ ಕಡೆ ವಾಲಿದರೆ ಬೆಳಕು ಒಳಗಿನ ಕಪ್ಪು ತಗಡಿಗೆ ಹೋಗಿ ಸಾಯುತ್ತದೆ, ಪರದೆಯ ಮೇಲೆ ಅಷ್ಟು ಜಾಗ ಕತ್ತಲು. ಸೆಕೆಂಡಿಗೆ ಸಾವಿರಾರು ಸಲ ಹೀಗೆ ತೂಗುತ್ತವೆ. ಬೆಳಕಿನ ಕಡೆ ಹೆಚ್ಚು ಹೊತ್ತು ನಿಂತರೆ ಬಿಳಿ, ಕಡಿಮೆ ಹೊತ್ತು ನಿಂತರೆ ಬೂದಿ. ದಾರಿಯಲ್ಲಿ ಕೆಂಪು, ಹಸಿರು, ನೀಲಿ ಗಾಜಿನ ಚಕ್ರವೊಂದು ಗಿರಗಿರನೆ ತಿರುಗುತ್ತದೆ. ಬಣ್ಣಗಳು ಒಂದಾದ ಮೇಲೊಂದು ಬರುತ್ತವೆ, ಬೆರೆಸಿಕೊಳ್ಳುವುದು ನೋಡುವವರ ಕಣ್ಣು. ನಾನು ಬೆಂಚಿನಿಂದ ಎದ್ದು ನಿಂತು, "ಹಾಗಾದರೆ ಎಂಟು ಲಕ್ಷ ಯೋಧರು! ಎಂಟು ಲಕ್ಷ ಗುರಾಣಿ! ಒಂದು ಸನ್ನೆಗೆ ಎಲ್ಲರೂ ತಿರುಗುವ ಸೇನೆ!" ಎಂದು ಗರ್ಜಿಸಿದೆ. ಗುಡಿಯ ಪಾರಿವಾಳಗಳೆಲ್ಲ ಹಾರಿಹೋದವು. ನೀನು ನಕ್ಕೆ. ಆಮೇಲೆ ನಾನು, ಒಬ್ಬ ಯೋಧ ಮೊಂಡು ಹಿಡಿದರೆ ಏನು ಗತಿ ಎಂದು ಕೇಳಿದೆ.

"ಅವನನ್ನ ಹುಡುಕೋದೇ ನನ್ನ ಸಂಬಳದ ಕೆಲ್ಸ. ಕತ್ತಲಲ್ಲಿ ಕೂತು ಕರೀ ಪರದೆ ನೋಡ್ತೀನಿ. ಸಿಕ್ಕಿಹಾಕ್ಕೊಂಡ ಕನ್ನಡಿ ಇದ್ರೆ ಒಂದು ಬಿಳೀ ಚುಕ್ಕೆ ಅಲ್ಲೇ ಉರೀತಿರುತ್ತೆ, ಚಿತ್ರ ಯಾವ್ದೇ ಬರ್ಲಿ. ಶಾಖ ಏರಿದ್ರೆ ಹಂಗಾಗುತ್ತೆ. ಈ ಜಾಲರಿ ಇದ್ಯಲ್ಲ, ಇದು ಇದರ ಮೂಗು. ಮುಚ್ಚಬೇಡ ಅಪ್ಪಾ. ಆಣೆ ಮಾಡು."

ಆಣೆ ಮಾಡಿದೆ. ಎರಡು ತಿಂಗಳ ಹಿಂದೆ ಗುಡಿಯ ಯಜಮಾನ ಬುನ್-ತೆಂಗ್ ಅಣ್ಣ ತಾಯಿಯ ಹೆಸರು ಕಸೂತಿ ಮಾಡಿದ ಕೆಂಪು ರೇಷ್ಮೆ ಬಟ್ಟೆ ತಂದು, ಯಂತ್ರದ ಸುತ್ತ ಮೂರು ಸುತ್ತು ಬಿಗಿದು ಗಂಟು ಹಾಕಿದ. ನಗಾರಿಗೆ ಕಟ್ಟುತ್ತಾರೆ, ಪಲ್ಲಕ್ಕಿಗೆ ಕಟ್ಟುತ್ತಾರೆ. ತಾಯಿಯ ಸೇವೆ ಮಾಡುವ ಯಂತ್ರ ಮಾತ್ರ ಬರಿಮೈಯಲ್ಲಿರಬೇಕೇ? ಮೂಗಿನ ಮೇಲೆಯೇ ಬಟ್ಟೆ ಬಿತ್ತು. ಒಳಗಿನ ಫ್ಯಾನು ಬೆಕ್ಕಿನಂತೆ ಅರಚತೊಡಗಿತು. ತಾಯಿಯ ಬಟ್ಟೆಯನ್ನು ಬಿಚ್ಚಲು ಯಾರ ಕೈ ಏಳುತ್ತದೆ ಹೇಳು! ನನ್ನ ಕೈ ಏಳಲಿಲ್ಲ.

ಈಗ ಕಡಲಿಗೆ ಹೋಗೋಣ.

ಭಾನುವಾರ ಈಶಾನ್ಯದ ಗಾಳಿ ಹುಚ್ಚೆದ್ದು ಬೀಸಿತು. ಐದು ಜನರಿದ್ದ ಮೀನಿನ ದೋಣಿಯೊಂದು ಮಧ್ಯಾಹ್ನ ರೇಡಿಯೊದಲ್ಲಿ "ನೀರು ಒಳಗೆ ಬರ್ತಿದೆ" ಎಂದು ಹೇಳಿ ಮೌನವಾಯಿತು. ದೋಣಿಯ ನಾಯಕನ ಹೆಂಡತಿ ಸಿಯು-ಖಿಮ್ ನಿನಗೆ ನೆನಪಿರಬಹುದು. ನಿನಗೆ ಈಜು ಕಲಿಸಿದವಳು. ಸೋಮವಾರ ಬೆಳಗ್ಗೆ ಅವಳು ತಾಯಿಯ ಮುಂದೆ ಮಂಡಿಯೂರಿ, ಗಂಡ ಬರುವ ತನಕ ದಿನವೂ ಸಂಜೆ ಆಟ ಆಡಿಸುತ್ತೇನೆಂದು ಹರಕೆ ಹೊತ್ತಳು. ತಾಯಿಯ ಒಪ್ಪಿಗೆ ಕೇಳಲು ಅರ್ಧಚಂದ್ರಾಕಾರದ ಎರಡು ಮರದ ತುಂಡುಗಳನ್ನು ಎಸೆದಳು. ಒಂದು ಅಂಗಾತ, ಒಂದು ಬೋರಲು. ಮತ್ತೆ ಹಾಗೆಯೇ. ಮೂರನೆಯ ಸಲವೂ ಹಾಗೆಯೇ. ತಾಯಿ ಒಪ್ಪಿದಳು. ನಾನು ಪರದೆ ಕಟ್ಟಿದೆ.

ನಮ್ಮ ಗುಡಿ ಪಡುವಣ ಕಡಲಿಗೆ ಮುಖ ಮಾಡಿದೆಯಲ್ಲ. ತಾಯಿಯ ಎದುರು ನಿಂತ ಪರದೆಯಲ್ಲಿ ಬಲಗಡೆ ಎಂದರೆ ಬಡಗಣ, ಎಡಗಡೆ ಎಂದರೆ ತೆಂಕಣ. ಇದನ್ನು ಮನಸ್ಸಿನಲ್ಲಿಡಿ, ಸಭಿಕರೇ. ಐದು ಪ್ರಾಣ ಇದರ ಮೇಲೆ ನಿಂತಿದೆ.

ಸೋಮವಾರ ಸಂಜೆ ಪರದೆಯ ಬಲಗಡೆ ಮೇಲ್ಮೂಲೆಯಲ್ಲಿ ಒಂದು ಚುಕ್ಕೆ ಕಾಣಿಸಿತಂತೆ. ನನ್ನ ಕಣ್ಣು ಮಂಜು, ನಾನು ಗಮನಿಸಲಿಲ್ಲ. ಮಂಗಳವಾರ ಸಂಜೆ ಚುಕ್ಕೆಗಳು ಐದಾದವು. ಯುದ್ಧದ ದೃಶ್ಯ ಮುಗಿದು ಪರದೆಯ ಮೇಲೆ ಕತ್ತಲು ಕವಿದಾಗ ಐದು ಬಿಳಿ ಚುಕ್ಕೆಗಳು ಒಟ್ಟಾಗಿ, ಕಡಲ ಮೇಲಿನ ದೋಣಿದೀಪಗಳಂತೆ ಮಿನುಗಿದವು.

ಸಿಯು-ಖಿಮ್ ಸ್ಟೂಲಿನಿಂದೆದ್ದಳು. "ಐದು!" ಎಂದಳು. "ಐದೂ ಜನ ಇದ್ದಾರೆ! ತಾಯಿ ದೀಪ ಹಿಡಿದು ತೋರಿಸ್ತಿದಾಳೆ!"

ಅರ್ಧ ಗಂಟೆಯಲ್ಲಿ ಅಂಗಳ ತುಂಬಿತು. ಬಲೆ ಹೆಣೆಯುವವರು, ಮಂಜುಗಡ್ಡೆ ಹೊರುವವರು, ಅಡಿಕೆ ಜಗಿಯುತ್ತಿದ್ದವರು ಉಗಿದು ಬಂದರು. ಮುನ್ನೂರು ಜನ! ನನ್ನ ಪರದೆಯ ಮುಂದೆ ಮುನ್ನೂರು ಜನ ಉಸಿರು ಬಿಗಿಹಿಡಿದು ಕೂತಿದ್ದರು. ಬಂದರಿನ ಬಾಯಲ್ಲಿ ಮೀನುಂಡೆಯ ಸಾರು ಮಾರುವ ಬೀ-ಹೋಂಗ್ ಅತ್ತಿಗೆ ಬಿಸಿ ಬಟ್ಟಲು ತಂದು ನನ್ನ ಕೈಗಿಟ್ಟಳು. ಅವಳ ಗಂಡ ಥಿಯನ್-ಲಾಯ್ ಆ ದೋಣಿಯ ಅಡುಗೆಯವನು, ಅರವತ್ತೆರಡು ವರ್ಷದ ಮುದುಕ.

ಕರಾವಳಿ ಕಾವಲು ಪಡೆಯ ಅಧಿಕಾರಿ ಬಂದು ಕೈ ಮುಗಿದ. "ಹಿರಿಯರೇ, ಗಾಳಿ ತೆಂಕಣಕ್ಕೆ ತಳ್ತಿದೆ. ನಮ್ಮ ಹಡಗು ಎರಡೇ ಇರೋದು. ನಿಮ್ಮ ಒಂಬತ್ತು ದೋಣೀನೂ ತೆಂಕಣಕ್ಕೆ ಕೊಡಿ. ಅಗಲವಾಗಿ ಹುಡುಕಬೇಕು."

ಬುನ್-ತೆಂಗ್ ಅಣ್ಣ ಪರದೆಯತ್ತ ಬೆರಳು ತೋರಿಸಿದ. "ಸಾಹೇಬ್ರೇ, ದೀಪ ಎಲ್ಲಿದೆ? ಬಲಗಡೆ. ಬಡಗಣ ಮರಳುದಿಬ್ಬದ ಮರೇಲಿ ಲಂಗರು ಹಾಕಿರ್ತಾನೆ ನಮ್ಮ ಹುಡುಗ. ನಿಮ್ಮ ಕಂಪ್ಯೂಟರ್ ದೊಡ್ದೋ ನಮ್ಮ ತಾಯಿ ದೊಡ್ಡೋಳೋ?"

ಮರದ ತುಂಡು ಎಸೆದರು. ಎರಡೂ ಅಂಗಾತ ಬಿದ್ದವು. ತಾಯಿ ನಗುತ್ತಿದ್ದಾಳೆ, ಉತ್ತರವಿಲ್ಲ. ಮತ್ತೆ ಎಸೆದರು, ಮತ್ತೆ ನಗು. ಮೂರನೆಯ ಸಲ ಒಂದು ಅಂಗಾತ, ಒಂದು ಬೋರಲು. ಮೂರು ಸಲ ಸಾಲಾಗಿ ಒಪ್ಪಿಗೆ ಬೀಳಬೇಕೆಂಬುದನ್ನು ಅವತ್ತು ಯಾರೂ ನೆನೆಯಲಿಲ್ಲ. ಬುಧವಾರ ನಸುಕಿನಲ್ಲಿ ಒಂಬತ್ತು ದೋಣಿ ಬಡಗಣಕ್ಕೆ ಹೊರಟವು. ದಿನವೆಲ್ಲ ಅಲೆದು ಸಂಜೆಗೆ ಬರಿಗೈಯಲ್ಲಿ ಬಂದವು.

ಬುಧವಾರ ಸಂಜೆಯ ಆಟ! ಸಭಿಕರೇ, ನಾನು ಎಷ್ಟೋ ರಣರಂಗಗಳಲ್ಲಿ ಸತ್ತು ಎದ್ದವನು, ಆದರೆ ಅಂಥ ಅಂಗಳವನ್ನು ಕಂಡಿರಲಿಲ್ಲ. ಯಾರೂ ಕೆಮ್ಮುತ್ತಿಲ್ಲ. ಮಕ್ಕಳು ಅಳುತ್ತಿಲ್ಲ. ಎಲ್ಲರ ಕಣ್ಣೂ ಬಲಗಡೆಯ ಮೇಲ್ಮೂಲೆಗೆ ನೆಟ್ಟಿದೆ. ಕಥೆಯಲ್ಲಿ ರಾಜಕುಮಾರಿಯ ಮುಖ ಹತ್ತಿರ ಬಂತು. ಐದು ಚುಕ್ಕೆಗಳು ಅವಳ ಹಣೆಯ ಮೇಲೆ ಹಾಗೆಯೇ ಉರಿದವು. ಮುಖ ಹೋಗಿ ಕುದುರೆ ಬಂತು. ಕುದುರೆಯ ಬಾಲದ ಮೇಲೆ ಉರಿದವು. ಅಷ್ಟರಲ್ಲಿ ಎಲ್ಲರ ಕಣ್ಣೆದುರಿಗೇ ಆರನೆಯ ಚುಕ್ಕೆ ಹೊತ್ತಿಕೊಂಡಿತು.

ಅಂಗಳ ಗುಸುಗುಸು ಎಂದಿತು. ದೋಣಿಯಲ್ಲಿದ್ದವರು ಐದು ಜನ. ಆರನೆಯವನು ಯಾರು?

"ಅದು ತಾಯಿಯ ಸ್ವಂತ ದೀಪ!" ಎಂದು ಬುನ್-ತೆಂಗ್ ಅಣ್ಣ ಕೂಗಿದ. "ಜೊತೇಲಿ ನಿಂತಿದಾಳೆ! ನಾಳೆ ದಿಬ್ಬ ದಾಟಿ ಇನ್ನೂ ಬಡಗಣಕ್ಕೆ ಹೋಗೋದು. ಎರಡು ದಿನದ ಎಣ್ಣೆ ತುಂಬ್ಕೊಳಿ!"

ಆಗ ನನಗೆ ಹೊಳೆಯಿತು, ಮಗಳೇ. ಏಳಾದರೂ ಅದಕ್ಕೊಂದು ಕಥೆ ಸಿಗುತ್ತದೆ, ಹತ್ತಾದರೂ ಸಿಗುತ್ತದೆ. ಯಂತ್ರದ ಮೇಲೆ ಕೈ ಇಟ್ಟೆ. ರೇಷ್ಮೆ ಬಟ್ಟೆ ಇಸ್ತ್ರಿಪೆಟ್ಟಿಗೆಯಂತೆ ಸುಟ್ಟಿತು. ಎಂಟು ಲಕ್ಷ ಯೋಧರಲ್ಲಿ ಆರು ಜನ ಶಾಖದ ಹೊಡೆತಕ್ಕೆ ನಿಂತಲ್ಲೇ ಮರಗಟ್ಟಿದ್ದರು. ಅಷ್ಟೇ. ಕಡಲಲ್ಲಿ ಐದು ಜನ ತೆಂಕಣಕ್ಕೆ ತೇಲಿಹೋಗುತ್ತಿದ್ದಾರೆ, ಅವರನ್ನು ಹುಡುಕಬೇಕಾದ ಒಂಬತ್ತು ದೋಣಿ ಬಡಗಣಕ್ಕೆ ಎಣ್ಣೆ ತುಂಬಿಕೊಳ್ಳುತ್ತಿವೆ. ನಡುವೆ ಇರುವುದು ನನ್ನ ನಾಲಿಗೆ ಒಂದೇ.

ನಾನು ಗುಂಡಿ ಒತ್ತಿದೆ. ಆಟ ನಿಂತಿತು.

ನಲವತ್ತು ವರ್ಷದಲ್ಲಿ ಮೊದಲ ಸಲ, ತಾಯಿಯ ಎದುರಿನಲ್ಲಿ, ರಾಜಕುಮಾರಿ ಅರ್ಧ ಮಾತಿನಲ್ಲಿದ್ದಾಗ ಆಟ ನಿಂತಿತು. ಪರದೆ ಕಪ್ಪಾಯಿತು. ಆರು ಚುಕ್ಕೆ ಮಾತ್ರ ಉರಿಯುತ್ತಿದ್ದವು.

"ಇದು ತಾಯಿಯ ದೀಪವಲ್ಲ!" ಎಂದೆ. ನನ್ನ ಕಂಠ ಬಂದರಿನ ಆಚೆ ತುದಿಗೆ ಮುಟ್ಟಿ ಮರಳಿತು. "ಯಂತ್ರ ಕೆಟ್ಟಿದೆ! ಒಳಗಿನ ಕನ್ನಡಿ ಸಿಕ್ಕಿಕೊಂಡಿದೆ! ಬಡಗಣಕ್ಕೆ ಹೋಗಬೇಡಿ!"

ಯಾರೋ ಸ್ಟೂಲು ಎಸೆದರು. ನನ್ನ ಮೊಣಕಾಲಿಗೆ ತಗುಲಿತು. "ಮುದುಕನಿಗೆ ದೆವ್ವ ಹಿಡಿದಿದೆ!" "ಆಟ ಹಾಕೋ! ಶಾಪ ತಟ್ಟುತ್ತೆ!" ಸಿಯು-ಖಿಮ್ ಜನರನ್ನು ಸೀಳಿಕೊಂಡು ಬಂದಳು. ಮೂರು ದಿನದಿಂದ ನಿದ್ದೆಯಿಲ್ಲದ ಕಣ್ಣು. ನನ್ನ ಅಂಗಿಯ ಕೊರಳಪಟ್ಟಿ ಹಿಡಿದಳು.

"ಕಿಮ್-ಸೆಂಗ್ ಅಣ್ಣಾ, ಹೆಂಡ್ತಿ ಸಾಯ್ವಾಗ ನಿಲ್ಲಿಸ್ದೇ ಇದ್ದ ಆಟಾನ ನನ್ನ ಗಂಡನ ದೀಪ ಕಂಡಾಗ ನಿಲ್ಲಿಸ್ತೀಯಾ?"

ಹುನ್, ನಾನು ಯಂತ್ರದ ಕಡೆ ತಿರುಗಿದೆ. ಕೆಂಪು ಬಟ್ಟೆಯ ಗಂಟು ಬಿಚ್ಚಿದೆ. ಗಂಟು ಬಿಗಿಯಾಗಿತ್ತು, ಹಲ್ಲಿನಿಂದ ಬಿಚ್ಚಿದೆ. ಹೆಂಗಸರು ಹೋ ಎಂದರು. ಯಂತ್ರವನ್ನು ಎರಡು ಕೈಯಲ್ಲಿ ಎತ್ತಿ ತಲೆಕೆಳಗು ಮಾಡಿ ಮೇಜಿನ ಮೇಲಿಟ್ಟೆ. ಬಲಗಡೆ ಮೇಲಿದ್ದ ಚುಕ್ಕೆಗಳು ಪರದೆಯ ಎಡಗಡೆ ಕೆಳಗೆ ಹೋಗಿ ಕೂತವು.

ನಾನು ಗೆದ್ದೆ ಎಂದುಕೊಂಡೆ. ಅಷ್ಟರಲ್ಲಿ ಬುನ್-ತೆಂಗ್ ಅಣ್ಣ ಎರಡೂ ಕೈ ಆಕಾಶಕ್ಕೆತ್ತಿದ.

"ತೆಂಕಣಕ್ಕೆ ಬಂದ್ರು! ತಾಯಿ ದಾರಿ ಬದಲಾಯಿಸಿದ್ಳು! ದೋಣಿ ತೆಂಕಣಕ್ಕೆ ಬಿಡ್ರೋ!"

ಮುನ್ನೂರು ಜನ ಮಂಡಿಯೂರಿದರು. ನೋಡಿ, ಸಭಿಕರೇ, ನನ್ನ ಇಕ್ಕಟ್ಟು! ದೋಣಿಗಳು ತೆಂಕಣಕ್ಕೆ ಹೋಗಬೇಕೆಂಬುದೇ ನನ್ನ ಆಸೆ. ಬಾಯಿ ಮುಚ್ಚಿ ನಿಂತರೆ ಸಾಕಿತ್ತು. ಆದರೆ ನಾಳೆ ಯಾರದೋ ಮೊಣಕೈ ತಾಗಿ ಯಂತ್ರ ಒಂದಿಷ್ಟು ವಾಲಿದರೆ? ಏಳನೆಯ ಚುಕ್ಕೆ ಬಲಗಡೆ ಹೊತ್ತಿದರೆ? ನಡುಗಡಲಿನಿಂದ ಒಂಬತ್ತು ದೋಣಿಯನ್ನೂ ಫೋನು ಮಾಡಿ ಹಿಂದಕ್ಕೆ ಕರೆಸುತ್ತಾರೆ.

ನಾನು ಯಂತ್ರವನ್ನು ತೆಗೆದು ಸಿಯು-ಖಿಮ್ ತೋಳುಗಳ ಮೇಲಿಟ್ಟೆ. "ತಂಗೀ, ನೀನೇ ಹಿಡ್ಕೊ. ನೀನೇ ತಿರುಗಿಸು" ಎಂದೆ.

ಅವಳು ಹಿಡಿದಳು. ಬಲಕ್ಕೆ ತಿರುಗಿದಳು, ಚುಕ್ಕೆಗಳು ಪರದೆ ಬಿಟ್ಟು ಕಲ್ಲಿನ ಸಿಂಹದ ಮೇಲೆ ಓಡಿದವು. ಎಡಕ್ಕೆ ತಿರುಗಿದಳು, ಮಂಜುಗಡ್ಡೆ ಹೊರುವವರ ಅಂಗಿಗಳ ಮೇಲೆ ಸಾಲಾಗಿ ಹರಿದವು. ಮೇಲಕ್ಕೆತ್ತಿದಳು, ಗುಡಿಯ ಸೂರಿನ ಡ್ರ್ಯಾಗನ್ ಬಾಲದ ಮೇಲೆ ಹೋಗಿ ಕೂತವು. ಆಮೇಲೆ ನಿಧಾನವಾಗಿ ಹಿಂದಕ್ಕೆ ತಿರುಗಿ ತಾಯಿಯ ಮುಖದ ಮೇಲೆಯೇ ಬಿಟ್ಟಳು. ಐದು ಚುಕ್ಕೆ, ಅಲ್ಲ ಆರು, ತಾಯಿಯ ಕಪ್ಪು ಕೆನ್ನೆಯ ಮೇಲೆ ನಿಂತವು.

ಗಂಡನ ದೀಪವನ್ನು ತನ್ನ ಕೈಯಿಂದಲೇ ಎಲ್ಲೆಂದರಲ್ಲಿ ಓಡಾಡಿಸಿದ ಮೇಲೆ ಆ ಹೆಣ್ಣಿಗೆ ತಿಳಿಯಿತು. ಯಂತ್ರವನ್ನು ಮೇಜಿನ ಮೇಲೆ ಮೆಲ್ಲಗಿಟ್ಟಳು. ನನ್ನ ಕೆನ್ನೆಗೊಂದು ಬಿಗಿದಳು. ಸದ್ದು ನಗಾರಿಯಂತೆ ಕೇಳಿಸಿತು. ಆಮೇಲೆ ಅಂಗಳದ ಅಂಚಿನಲ್ಲಿ ನಿಂತಿದ್ದ ಕಾವಲು ಪಡೆಯ ಅಧಿಕಾರಿಯ ಕಡೆ ತಿರುಗಿದಳು.

"ಗಾಳಿ ಎಲ್ಲಿಗೆ ತಳ್ತಿದೆ ಅಂದ್ರಿ? ಇನ್ನೊಂದ್ಸಲ ಹೇಳಿ. ಎಲ್ಲರಿಗೂ ಕೇಳ್ಸೋ ಹಾಗೆ ಹೇಳಿ."

ಗುರುವಾರ ನಸುಕಿಗೆ ಒಂಬತ್ತು ದೋಣಿ ತೆಂಕಣಕ್ಕೆ ಹೊರಟವು. ಮೊದಲ ದೋಣಿಯ ಮೂತಿಯಲ್ಲಿ ಸಿಯು-ಖಿಮ್ ನಿಂತಿದ್ದಳು, ಅವಳ ಪಕ್ಕದಲ್ಲಿ ನಾನು. "ನಿನ್ನ ಗಂಟಲು ಇನ್ಯಾವಾಗ ಉಪಯೋಗಕ್ಕೆ ಬರೋದು? ಹತ್ತು" ಎಂದು ಅವಳೇ ಎಳೆದುಕೊಂಡಿದ್ದಳು. ಕಡಲ ಮೇಲೆ ಮಂಜು ಕವಿದಿತ್ತು. ನಾನು ಕೂಗಿದೆ, ನಿಲ್ಲಿಸಿ ಕೇಳಿದೆ, ಮತ್ತೆ ಕೂಗಿದೆ. ಮಧ್ಯಾಹ್ನ ಎರಡರ ಸುಮಾರಿಗೆ ಮಂಜಿನೊಳಗಿಂದ ಒಂದು ಸೀಟಿ. ಕಿತ್ತಳೆ ಬಣ್ಣದ ರಬ್ಬರ್ ತೆಪ್ಪ. ದೋಣಿಯ ನಾಯಕ ಅದರ ಅಂಚಿಗೆ ತನ್ನನ್ನು ತಾನೇ ಹಗ್ಗದಿಂದ ಕಟ್ಟಿಕೊಂಡಿದ್ದ. ಸಿಯು-ಖಿಮ್ ನೀರಿಗೇ ಹಾರಿದಳು.

ಸಂಜೆ ಬಂದರಿಗೆ ಮರಳಿದೆವು. ಬುನ್-ತೆಂಗ್ ಅಣ್ಣ ಹಗ್ಗ ಹಿಡಿದು ದೋಣಿ ಎಳೆದ, ನನ್ನ ಮುಖ ನೋಡಲಿಲ್ಲ. ಪಟಾಕಿಯ ಸರ ತಂದಿಟ್ಟಿದ್ದರು, ಹೊಡೆಯಲಿಲ್ಲ. ಏಕೆಂದು ಕೇಳಬೇಡಿ, ಸಭೆಗೆ ಇಷ್ಟು ಸಾಕು. ನಿಂತುಹೋಗಿದ್ದ ಆಟವನ್ನು ಸಿಯು-ಖಿಮ್ ಮತ್ತೆ ಮೊದಲಿನಿಂದ ಹಾಕಿಸಿದಳು. ಯಂತ್ರ ಬರಿಮೈಯಲ್ಲಿ, ಮೂಗು ಬಿಟ್ಟುಕೊಂಡು, ಆರು ಚುಕ್ಕೆಗಳ ಸಮೇತ ಕೊನೆಯ ತನಕ ಓಡಿತು. ಅಂಗಳದಲ್ಲಿ ಎರಡು ನಾಯಿ, ಒಬ್ಬ ಕುಡುಕ ಇದ್ದರು.

ಹುನ್, ಒಮ್ಮೆ ಸಿಕ್ಕಿಕೊಂಡ ಕನ್ನಡಿಯನ್ನು ಸರಿಮಾಡಲು ಬರುವುದಿಲ್ಲವೆಂದು ಅವತ್ತು ಬೆಂಚಿನ ಮೇಲೆ ನೀನೇ ಹೇಳಿದ್ದೆ. ಇರಲಿ ಬಿಡು.

ಗಂಟಲು ಒಡೆದ,
ನಿನ್ನ ಅಪ್ಪ,
ಚುವಾ ಕಿಮ್-ಸೆಂಗ್

ಮತ್ತೊಂದು ಮಾತು: ಓದುತ್ತಿರುವ ಮಗಳೇ, ನೀನು ಯಾರೇ ಇರು, ಇಲ್ಲಿಗೆ ನಿಲ್ಲಿಸು. ಕಾಗದವನ್ನು ಮಡಚಿ ಪೆಕ್-ಹುನ್ ಕೈಗೆ ಕೊಡು. ಉಳಿದದ್ದು ಸಭೆಗಲ್ಲ.

ಹುನ್, ತೆಪ್ಪದಲ್ಲಿ ಇದ್ದವರು ಐದು, ಬದುಕಿದ್ದವರು ನಾಲ್ಕು. ಥಿಯನ್-ಲಾಯ್ ತನ್ನ ಪಾಲಿನ ನೀರನ್ನು ಉಳಿದವರಿಗೆ ಕೊಡುತ್ತಿದ್ದನಂತೆ. ಬುಧವಾರ ಸೂರ್ಯ ಮುಳುಗುವ ತನಕ ಇದ್ದನಂತೆ. ಬುಧವಾರ ನಮ್ಮ ಒಂಬತ್ತು ದೋಣಿಗಳು ಬಡಗಣದಲ್ಲಿದ್ದವು.

ನನ್ನ ಕಣ್ಣು ಮಂಜಲ್ಲ. ಸೋಮವಾರವೇ ನೋಡಿದ್ದೆ. ಒಂದೇ ಚುಕ್ಕೆ ಇದ್ದಾಗಲೇ ಅದು ಏನೆಂದು ನನಗೆ ಗೊತ್ತಿತ್ತು. ನೀನು ಅಷ್ಟು ಚೆನ್ನಾಗಿ ಹೇಳಿಕೊಟ್ಟಿದ್ದೆ. ಮಂಗಳವಾರ ಅಂಗಳ ತುಂಬಿತು. ಹತ್ತು ವರ್ಷದ ಮೇಲೆ ಅಂಗಳ ತುಂಬಿತು, ಮಗಳೇ. ನಾನು ಬಾಯಿ ಬಿಡಲಿಲ್ಲ. ಬೀ-ಹೋಂಗ್ ಅತ್ತಿಗೆ ಸಾರಿನ ಬಟ್ಟಲು ಕೊಟ್ಟು, "ಅಣ್ಣಾ, ಇದ್ರಲ್ಲಿ ನನ್ನ ಮುದುಕನ ದೀಪ ಯಾವ್ದು?" ಎಂದು ಕೇಳಿದಳು. ನಾನು ಬೆರಳು ತೋರಿಸಿದೆ. "ಆ ಕೆಳಗಿನದು" ಎಂದೆ. ಸಾರು ಕುಡಿದೆ.

ಅಮ್ಮ ಹೋದ ಸಂಜೆ ಫೋನು ಕೇಳಿಸಿತ್ತು. ಜೇಬಿನಲ್ಲಿ ಏಳು ಸಲ ನಡುಗಿತು. ತಾಯಿಯ ನಿಯಮದ ಹಿಂದೆ ಅಡಗಿಕೊಂಡೆ. ಹೋದಳೆಂಬ ಮಾತು ಕಿವಿಗೆ ಬೀಳುವ ತನಕ ಅವಳು ಬದುಕಿರುತ್ತಾಳೆ ಎಂದುಕೊಂಡಿದ್ದೆ. ನೀನು ನಂಬದಿದ್ದದ್ದು ಸರಿ.

ಬೀ-ಹೋಂಗ್ ಇವತ್ತೂ ಅಂಗಡಿ ತೆರೆದಿಲ್ಲ. ಮಂಗಳವಾರವೇ ನನಗೆ ಗೊತ್ತಿತ್ತೆಂಬುದು ಅವಳಿಗೆ ಗೊತ್ತಿಲ್ಲ. ಕಡೆಗಾದರೂ ಆಟ ನಿಲ್ಲಿಸಿದನಲ್ಲ ಎಂದು ಊರು ನನ್ನ ಬೆನ್ನು ತಟ್ಟುತ್ತಿದೆ. ನಾಳೆ ಬೆಳಗ್ಗೆ ಮೊದಲು ಈ ಕಾಗದವನ್ನು ಅಂಚೆಗೆ ಹಾಕುತ್ತೇನೆ, ಆಮೇಲೆ ಹಿಂದಕ್ಕೆ ಪಡೆಯಲು ಆಗಬಾರದು. ಅಲ್ಲಿಂದ ಅವಳ ಮನೆಗೆ ಹೋಗುತ್ತೇನೆ. ಬಾಗಿಲಲ್ಲಿ ನಿಂತು, ಗಂಟಲು ಎತ್ತರಿಸದೆ, ಆ ಕೆಳಗಿನ ಚುಕ್ಕೆಯ ವಿಷಯ ಹೇಳುತ್ತೇನೆ.